ಕೊಯ್ಯಲಾಗದು ಎಂದರೆ ಗುಣವಾಗದು ಎಂದಲ್ಲ

ಹೆಸರು ಹೇಳಲು ನಾವೆಲ್ಲ ನಾಚುವ ರೋಗವೊಂದರ ಕುರಿತು ಬರೆಯುತ್ತಿದ್ದೇನೆ: ಗುದದ್ವಾರದ ಕ್ಯಾನ್ಸರ್. ನನ್ನ ಹಳೆಯ ವಿದ್ಯಾರ್ಥಿಗಳು ಮೂಗು ಮುರಿಯಬಹುದು. ಜೀರ್ಣಾಂಗವ್ಯೂಹದ ಪಾಠದ ಕೊನೆಯ ಭಾಗ ಬಂದಾಗ ಕಿಸಕ್ಕನೆ ನಕ್ಕವರೂ ನೀವೇ ಅಲ್ಲವೇ!

ನಮ್ಮ ಬಂಧುವರ್ಗದ ಹಿರಿಯರೊಬ್ಬರು ರಕ್ತಸ್ರಾವವನ್ನು ಮೂಲವ್ಯಾಧಿಯೆಂದೇ ನಂಬಿ ಒಂದೂವರೆ ವರ್ಷ ನಾಟಿ ಔಷಧಿ ಸೇವಿಸಿದರು. ಕೊನೆಗೆ ವೈದ್ಯರು, "ಗಡ್ಡೆಯನ್ನು ಕೊಯ್ದು ತೆಗೆಯಲಾಗದು, ರೇಡಿಯೋಥೆರಪಿ ಕೊಡಿಸಿ" ಎಂದರು. ಮಕ್ಕಳಿಗೆ ಕೇಳಿಸಿದ್ದು ವಾಕ್ಯದ ಪೂರ್ವಾರ್ಧ ಮಾತ್ರ. "ಆಪರೇಷನ್ನೇ ಆಗದಂತೆ, ಇನ್ನು ಕರೆಂಟು ಕೊಡಿಸಿ ಸುಡಿಸುವುದೇಕೆ?" ಎಂದು ಮನೆಗೆ ಕರೆತಂದರು. ಆರು ತಿಂಗಳಲ್ಲಿ ಅವರು ತೀರಿಕೊಂಡರು. ಇದನ್ನು ವಿಧಿಯೆಂದು ನಾನು ಒಪ್ಪಲಾರೆ.

ಕತ್ತರಿಯೇ ನಿಜವಾದ ಚಿಕಿತ್ಸೆ, ಕಿರಣವು ಸಾಯುವವರಿಗೆ ನೀಡುವ ಸಮಾಧಾನ ಎಂಬ ನಂಬಿಕೆಯನ್ನು ಇದೇ ರೋಗ ತಲೆಕೆಳಗು ಮಾಡಿತು. ಹಿಂದೆ ಗುದನಾಳವನ್ನೇ ಕೊಯ್ದು, ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ಶಾಶ್ವತವಾದ ರಂಧ್ರ ಮಾಡುತ್ತಿದ್ದರು. 1974ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಶಸ್ತ್ರವೈದ್ಯ ನಾರ್ಮನ್ ನೀಗ್ರೋ ಮೂವರು ರೋಗಿಗಳ ವೃತ್ತಾಂತ ಪ್ರಕಟಿಸಿದರು. ಶಸ್ತ್ರಕ್ರಿಯೆಗೆ ಮೊದಲು ಕಿರಣ ಹಾಗೂ ಕೀಮೋಥೆರಪಿ ಕೊಟ್ಟಿದ್ದರು. ಕೊಯ್ದು ತೆಗೆದ ಅಂಗಾಂಶದಲ್ಲಿ ಗಡ್ಡೆಯೇ ಇರಲಿಲ್ಲ! ಕೊಯ್ಯುವುದೇ ಕಸುಬಾದವರು ಕೊಯ್ಯುವುದು ಬೇಡವೆಂದು ತೋರಿಸಿದ್ದು ನನಗಂತೂ ಬಹು ದೊಡ್ಡ ಸಂಗತಿ.

ಇಂದು ಇದರ ಸಾಮಾನ್ಯ ಬಗೆಯಾದ ಸ್ಕ್ವಾಮಸ್ ಕ್ಯಾನ್ಸರಿಗೆ, ದೂರದ ಅಂಗಗಳಿಗೆ ಹರಡಿರದಿದ್ದರೆ, ಮೊದಲ ಆಯ್ಕೆಯೇ ಕಿರಣ ಮತ್ತು ಕೀಮೋ. ಸುಮಾರು 50 ಗ್ರೇ ಪ್ರಮಾಣವನ್ನು ಐದಾರು ವಾರಗಳಲ್ಲಿ ಹಂಚಿ ಕೊಡುತ್ತಾರೆ. ಜೊತೆಗೆ ಮೈಟೊಮೈಸಿನ್, ಫ್ಲೋರೋಯುರಾಸಿಲ್. 'ಕರೆಂಟು' ಎಂಬ ಹೆಸರನ್ನು ಯಾರಿಟ್ಟರೋ! ದೇಹದಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಪ್ರಬಲ ಕ್ಷ-ಕಿರಣಗಳು ಜೀವಕೋಶಗಳ ಡಿಎನ್‌ಎ ತುಂಡರಿಸುತ್ತವೆ. ಗಡ್ಡೆಯ ಕೋಶಗಳಿಗಿಂತ ಆರೋಗ್ಯವಂತ ಕೋಶಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ಚರ್ಮ ಬೇಯುತ್ತದೆ, ಭೇದಿಯಾಗುತ್ತದೆ, ಕೂರುವುದೂ ಕಷ್ಟ, ಇದನ್ನು ಮುಚ್ಚಿಡಬಾರದು. ಗಡ್ಡೆ ಪೂರ್ಣ ಕರಗಲು 26 ವಾರಗಳೇ ಬೇಕಾಗಬಹುದೆಂದು ಬ್ರಿಟನ್ನಿನ ಆಕ್ಟ್-2 ಅಧ್ಯಯನ ತೋರಿಸಿದೆ. ಎರಡನೆಯ ತಿಂಗಳಿಗೇ "ಏನೂ ಆಗಲಿಲ್ಲ" ಎಂದು ಕೈಚೆಲ್ಲುವವರಿಗೆ ಇದು ತಿಳಿದಿರಲಿ.

ಎಲ್ಲರೂ ಗುಣವಾಗುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಪ್ರಯತ್ನಿಸದಿರುವ ತೀರ್ಮಾನವನ್ನು ರೋಗಿಯ ಬೆನ್ನ ಹಿಂದೆ, ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ತೆಗೆದುಕೊಳ್ಳುವ ಅಧಿಕಾರ ಮಕ್ಕಳಿಗೆ ಯಾರು ಕೊಟ್ಟರು? ಬೆಂಗಳೂರಿನ ಕಿದ್ವಾಯಿಯಂತಹ ಸಂಸ್ಥೆಗಳಿವೆ. ಐದಾರು ವಾರ ಅಲ್ಲಿ ಉಳಿಯುವುದು ಹಳ್ಳಿಯವರಿಗೆ ಸುಲಭವಲ್ಲ, ಬಲ್ಲೆ. ಅದೇ ಊರಿನಲ್ಲಿ ನೆಲೆಸಿರುವ ನನ್ನ ಶಿಷ್ಯರೇ, ನಿಮ್ಮ ಮನೆಗಳಲ್ಲಿ ಒಂದು ಕೋಣೆ ಇಲ್ಲವೇ?