ಹರೆಯದ ನಿದ್ದೆಗೆ ಸೋಮಾರಿತನದ ಪಟ್ಟವೇಕೆ?

ಹದಿಹರೆಯದವರು ತಡವಾಗಿ ಏಳುವುದು ಸೋಮಾರಿತನ ಮತ್ತು ಮೊಬೈಲ್ ಚಟ. ಹಿರಿಯರು ನಸುಕಿಗೇ ಏಳುವುದು ಶಿಸ್ತು, ಅವರಿಗೆ ನಾಲ್ಕೈದು ತಾಸು ನಿದ್ದೆ ಸಾಕು. ಕಳೆದ ಸಂಚಿಕೆಯ ಲೇಖನದ ವಾದ ಇಷ್ಟು.

ಮೊಬೈಲ್ ನಿದ್ದೆ ಕೆಡಿಸುತ್ತದೆ, ಒಪ್ಪೋಣ. ಆದರೆ ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಮೆಲಟೋನಿನ್ ಹರೆಯದಲ್ಲಿ ಏರುವುದೇ ತಡವಾಗಿ. ಮೊಬೈಲ್ ಕಿತ್ತಿಟ್ಟರೂ ಹದಿನಾರರ ಹುಡುಗನಿಗೆ ಒಂಬತ್ತಕ್ಕೆ ನಿದ್ದೆ ಹತ್ತುವುದು ಕಷ್ಟ. ಈ ತಡ ಇಪ್ಪತ್ತರ ಆಸುಪಾಸಿನವರೆಗೆ ಹೆಚ್ಚುತ್ತಾ ಹೋಗಿ, ಆಮೇಲೆ ತಾನಾಗಿ ಇಳಿಯುತ್ತದೆಂದು ನಿದ್ದೆಯ ಸಂಶೋಧಕ ಟಿಲ್ ರೋನೆಬರ್ಗ್ ಅವರ ತಂಡ 2004ರಲ್ಲೇ ತೋರಿಸಿದೆ. ಅಮೆರಿಕದ ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲುಗಳ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿದಾಗ ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಿತು. ಚಟವೊಂದೇ ಕಾರಣವಾಗಿದ್ದರೆ ಸಿಕ್ಕ ಹೊತ್ತೆಲ್ಲ ಮೊಬೈಲಿಗೇ ಹೋಗಬೇಕಿತ್ತಲ್ಲವೇ? ನಾವೋ, ಪಿಯು ಮಕ್ಕಳನ್ನು ಬೆಳಗಿನ ಜಾವವೇ ನೀಟ್ ಕೋಚಿಂಗಿಗೆ ಅಟ್ಟಿ, ತರಗತಿಯಲ್ಲಿ ತೂಕಡಿಸಿದರೆ ಬೈಯುತ್ತೇವೆ.

ಹಿರಿಯರ ಬಗೆಗಿನ ಮಾತಂತೂ ಅಪಾಯಕಾರಿ. 65 ದಾಟಿದವರಿಗೂ ಏಳೆಂಟು ತಾಸು ಬೇಕೆಂಬುದೇ ತಜ್ಞರ ಶಿಫಾರಸು. ವಯಸ್ಸಾದಂತೆ ಗಾಢ ನಿದ್ದೆ ತಗ್ಗುತ್ತದೆ, ಎಚ್ಚರ ಪದೇ ಪದೇ ಆಗುತ್ತದೆ. ಮೂತ್ರಕ್ಕೆಂದು ಎರಡು ಸಲ ಎದ್ದು, ಮಂಡಿನೋವಿಗೆ ಮಗ್ಗುಲು ಬದಲಿಸಿ, ನಾಲ್ಕಕ್ಕೆ ಕಾಫಿಗೆ ನೀರಿಡುವ ಅಜ್ಜಿಯನ್ನು ಶಿಸ್ತಿನ ಮಾದರಿಯೆನ್ನುವ ಲೇಖಕರು, ಆಕೆ ಮಧ್ಯಾಹ್ನ ಪೇಪರ್ ಹಿಡಿದೇ ತೂಗುವುದನ್ನೂ ನೋಡಬೇಕಿತ್ತು. ನೋವು, ರಾತ್ರಿಯ ಮೂತ್ರಬಾಧೆ, ಗೊರಕೆಯ ನಡುವೆ ಉಸಿರು ಕಟ್ಟುವುದು ಇವಕ್ಕೆಲ್ಲ ಚಿಕಿತ್ಸೆ ಇದೆ. ‘ವಯಸ್ಸಾಯ್ತು, ಇಷ್ಟೇ ನಿದ್ದೆ’ ಎಂದು ಸುಮ್ಮನಾಗದೆ ಮನೆಯವರು ಅವರನ್ನು ವೈದ್ಯರಿಗೆ ತೋರಿಸಲಿ.