ಬಿರುದು ಬೇಕು, ಶಾಸನ ಬೇಡವೇ?

ಸಂಘಕ್ಕೊಂದು ಹೆಸರಿಡುವುದೂ ಆ ಹೆಸರಿಗೊಂದು ಲಾಂಛನ ಬರೆಸುವುದೂ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವೆಂದು ನಮ್ಮ ಸೀಮೆಯಲ್ಲಿ ಬಹುಮಂದಿ ಭಾವಿಸಿದ್ದಾರೆ. ಹಾಗಲ್ಲವೆಂದು ವಾದಿಸುವುದೇ ಈ ಬರಹದ ಉದ್ದೇಶ. ಸಮ್ಮೇಳನದ ಸಂಭ್ರಮದ ನಡುವೆ ಈ ತಕರಾರು ಕೆಲವರಿಗೆ ಅಪಥ್ಯವೆನಿಸಬಹುದು. ಆದರೂ ಸಂಘದ ಬಂಧುಗಳೆಲ್ಲ ಒಂದೆಡೆ ಸೇರುವ ಈ ಹೊತ್ತನ್ನು ಬಿಟ್ಟರೆ ಇಂಥ ಮಾತಿಗೆ ಬೇರೆ ಎಡೆಯಿಲ್ಲ.

ನವೆಂಬರ್ ಬಂದಿತೆಂದರೆ ಗಡಿಯ ಈಚೆಗೂ ಮೆರವಣಿಗೆಗಳು ಹೊರಡುತ್ತವೆ. ಟ್ರ್ಯಾಕ್ಟರಿನ ಮೇಲೆ ಸಿಂಹಾಸನ, ಸಿಂಹಾಸನದ ಮೇಲೆ ಪುಲಕೇಶಿಯೋ ಮಯೂರವರ್ಮನೋ ವಿಷ್ಣುವರ್ಧನನೋ ಆದ ಹುಡುಗ, ಅವನ ಬೆನ್ನಿಗೆ ಫ್ಲೆಕ್ಸಿನಲ್ಲಿ ಅಚ್ಚಾದ ಲಾಂಛನ. ಆ ಲಾಂಛನವನ್ನು ಹತ್ತಿರ ಹೋಗಿ ನೋಡಬೇಕು. ಮೂರು ಮೂಲೆಯ ಗುರಾಣಿ, ಅದರ ಎರಡು ಪಕ್ಕದಲ್ಲಿ ಹಿಂಗಾಲ ಮೇಲೆ ನಿಂತ ಸಿಂಹಗಳು, ನೆತ್ತಿಯ ಮೇಲೆ ಶಿಲುಬೆಯೊಂದನ್ನು ಮಾತ್ರ ಅಳಿಸಿದ ಇಂಗ್ಲೆಂಡಿನ ಕಿರೀಟ, ಕೆಳಗೆ ಸುರುಳಿಯಾದ ಪಟ್ಟಿ. ಪಟ್ಟಿಯಲ್ಲಿರುವ ಅಕ್ಷರ ಮಾತ್ರ ಕನ್ನಡ. ಬಾದಾಮಿಯ ಚಾಲುಕ್ಯ ದೊರೆ ಎದ್ದು ಬಂದು ನೋಡಿದರೆ ಇದು ಯಾವ ದೇಶದ ರಾಜನ ಮನೆಯೆಂದು ಕೇಳಿಯಾನು.

ಈ ಗುರಾಣಿ ನಮ್ಮಲ್ಲಿಗೆ ಬಂದ ದಾರಿ ಇತಿಹಾಸದಲ್ಲಿ ದಾಖಲಾಗಿದೆ. 1877ರ ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದಾಗ ದೇಶೀಯ ಸಂಸ್ಥಾನಿಕರಿಗೆ ಒಂದೊಂದು ಪತಾಕೆಯನ್ನು ದಯಪಾಲಿಸಲಾಯಿತು. ಆ ಪತಾಕೆಗಳ ಮೇಲಿನ ಚಿಹ್ನೆಗಳನ್ನು ಯೂರೋಪಿನ ಪದ್ಧತಿಗೆ ಅನುಸಾರವಾಗಿ ರಚಿಸಿದವನು ಬಂಗಾಳದ ಸಿವಿಲ್ ಸೇವೆಯಲ್ಲಿದ್ದ ರಾಬರ್ಟ್ ಟೇಲರ್ ಎಂಬ ಅಧಿಕಾರಿ. ಸಾಮಂತನಿಗೆ ಅಧಿರಾಜ ಹೊದಿಸಿದ ಶಾಲು ಅದು. ಸಂಸ್ಥಾನಿಕರು ಅದನ್ನು ಹೊದ್ದುಕೊಂಡಿದ್ದಕ್ಕೆ ಅವರದೇ ಕಾರಣಗಳಿದ್ದವು. ಸ್ವಾಭಿಮಾನದ ಹೆಸರಿನಲ್ಲಿ ಹುಟ್ಟಿದ ಯುವಕ ಸಂಘವೊಂದು ಅದನ್ನೇ ಇಂದಿಗೂ ಹೊದ್ದುಕೊಳ್ಳುವುದಕ್ಕೆ ಏನು ಕಾರಣವೋ ನಾವು ಅರಿಯೆವು.

ನಮ್ಮಲ್ಲಿ ಇಂಥದೊಂದು ಪದ್ಧತಿ ಇರಲೇ ಇಲ್ಲವೆ? ಇತ್ತು. ಶಾಸನಗಳ ಪ್ರಶಸ್ತಿಭಾಗವನ್ನು ಓದಿದವರಿಗೆ ಅದು ತಿಳಿದ ಸಂಗತಿ. ಅಲ್ಲಿ ಲಾಂಛನವೆಂಬುದು ಬೇರೆ, ಧ್ವಜವೆಂಬುದು ಬೇರೆ. ಲಾಂಛನ ತಾಮ್ರಪಟದ ಬಳೆಯ ಮೇಲಿನ ಮುದ್ರೆಗೆ, ನಾಣ್ಯಕ್ಕೆ. ಧ್ವಜ ದಂಡಿನ ಮುಂದೆ ಹೊರುವುದಕ್ಕೆ. ಹಾನಗಲ್ಲಿನ ಮತ್ತು ಗೋವೆಯ ಕದಂಬರ ಲಾಂಛನ ಸಿಂಹ, ಧ್ವಜದಲ್ಲಿದ್ದುದು ಕಪಿ. ಸವದತ್ತಿಯ ರಟ್ಟರದು ಸಿಂಧೂರಲಾಂಛನ, ಸುವರ್ಣಗರುಡಧ್ವಜ. ಕಲಚುರಿಗಳ ಧ್ವಜದಲ್ಲಿ ಹೊನ್ನಿನ ವೃಷಭ. ರಾಷ್ಟ್ರಕೂಟರಿಗೆ ಗರುಡ, ತಲಕಾಡಿನ ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ. ಆ ವರಾಹ ಎಷ್ಟು ಆಳವಾಗಿ ಊರಿತೆಂದರೆ ಚಿನ್ನದ ನಾಣ್ಯದ ಹೆಸರೇ ವರಹವಾಯಿತು. ವಿಜಯನಗರದವರು ಅದನ್ನು ಸೂರ್ಯಚಂದ್ರರೊಡನೆ, ಖಡ್ಗದೊಡನೆ ಮತ್ತೆ ಎತ್ತಿಕೊಂಡರು. ಧ್ವಜ ಅರಸರ ಸೊತ್ತು ಮಾತ್ರವೂ ಆಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘಕ್ಕೂ ತನ್ನದೇ ಧ್ವಜವಿತ್ತು, ತನ್ನದೇ ಪ್ರಶಸ್ತಿಯಿತ್ತು.

ಗಂಡಭೇರುಂಡದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬದ ತುದಿಯಲ್ಲಿ ಅದು ಮಾನವದೇಹದ ಎರಡು ತಲೆಯ ಪಕ್ಷಿಯಾಗಿ ನಿಂತಿದೆ. ಅಚ್ಯುತರಾಯನ ನಾಣ್ಯದಲ್ಲಿ ಹಾರುತ್ತಿದೆ. ಮೈಸೂರಿನ ಒಡೆಯರ ಮನೆಯನ್ನು ಹಾದು ಕರ್ನಾಟಕ ಸರ್ಕಾರದ ಮುದ್ರೆಗೆ ಬಂದಿದೆ. ನಮ್ಮ ಕಡೆಯ ಹಲವು ಸಂಘಗಳು ಆ ಸರ್ಕಾರಿ ಮುದ್ರೆಯನ್ನೇ ಇಡಿಯಾಗಿ ಎತ್ತಿ ಲೆಟರ್‌ಹೆಡ್ಡಿನ ಮೇಲೆ ಕೂರಿಸಿಕೊಂಡಿವೆ. ಆ ಮುದ್ರೆಯ ನೆತ್ತಿಯ ಮೇಲೆ ಅಶೋಕಸ್ತಂಭದ ಸಿಂಹಗಳಿವೆ. ರಾಷ್ಟ್ರಲಾಂಛನದ ದುರುಪಯೋಗವನ್ನು 2005ರ ಕಾಯ್ದೆ ನಿಷೇಧಿಸುತ್ತದೆ. ಲಾಂಛನಗಳ ಮತ್ತು ಹೆಸರುಗಳ ಅನುಚಿತ ಬಳಕೆಗೆ 1950ರಿಂದಲೇ ಒಂದು ಕಾಯ್ದೆಯಿದೆ. ಆಂಧ್ರದ ನೆಲದಲ್ಲಿ ನಿಂತು, ಕರ್ನಾಟಕ ಸರ್ಕಾರದ ಮುದ್ರೆಯುಳ್ಳ ಕಾಗದದಲ್ಲಿ ಮಂಡಲದ ಕಚೇರಿಗೆ ಮನವಿ ಬರೆಯುವುದು ಎಷ್ಟು ವಿಚಿತ್ರವೆಂಬುದನ್ನು ಬರೆದವರೇ ಯೋಚಿಸಲಿ. ಕಂಬದ ಮೇಲಿನ ಗಂಡಭೇರುಂಡವಾದರೋ ಎಲ್ಲರ ಸೊತ್ತು. ಅದನ್ನು ನೋಡಿ ಹೊಸದಾಗಿ ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಹೆಸರಿನ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಹಳೆಯ ಹೆಸರೆಂದರೆ ಸಂಸ್ಕೃತದ ಒಂದು ಪದಕ್ಕೆ ‘ವರ್ಮ’ವನ್ನೋ ‘ಸಿಂಹ’ವನ್ನೋ ಅಂಟಿಸಿದರೆ ಆಯಿತೆಂಬ ನಂಬಿಕೆಯಿದೆ. ಆದರೆ ಹೆಸರಿಗೆ ಕಾಲವಿದೆ, ಅದರ ಅಕ್ಷರದಲ್ಲೇ ಅದರ ಶತಮಾನವಿದೆ. ಹಳಗನ್ನಡದ ಪಕಾರವು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ಹಕಾರವಾಯಿತು. ‘ಪಿರಿಯ’ ಎಂಬುದು ‘ಹಿರಿಯ’ವಾಯಿತು. ನಮ್ಮ ಡಿ. ಹಿರೇಹಾಳಿನ ‘ಹಿರೇ’ ಆ ಬದಲಾವಣೆಯ ಈಚೆಯ ದಡದಲ್ಲಿರುವ ರೂಪ. ಮಡಕಶಿರಾದ ಹೇಮಾವತಿ ಶಾಸನಗಳಲ್ಲಿ ಪೆಂಜೇರು, ಅನಂತರ ಹೆಂಜೇರು. ಪಟ್ಟಣವೆಂಬ ಅರ್ಥದ ‘ಪೊಳಲ್’ ಮುಂದೆ ‘ಹೊಳಲು’ ಆಯಿತು. ಅದರ ಹಳೆಯ ರೂಪ ನೊಳಂಬ ದೊರೆ ಪೊಳಲ್ಚೋರನ ಹೆಸರಿನಲ್ಲಿ ಇಂದಿಗೂ ಕೇಳಿಸುತ್ತದೆ. ಒಂಬತ್ತನೆಯ ಶತಮಾನದ ವೀರನೆಂದು ವೇಷ ಕಟ್ಟಿದವನಿಗೆ ಹದಿನಾಲ್ಕನೆಯ ಶತಮಾನದ ಹೆಸರಿಟ್ಟರೆ, ಬಲ್ಲವರ ಕಿವಿಗೆ ಅದು ಪಂಚೆಯ ಮೇಲೆ ಟೈ ಕಟ್ಟಿದಂತೆ.

ಹೀಗೆ ಆಧಾರ ಕೇಳುವುದು ಪಂಡಿತರ ಕಿರಿಕಿರಿ, ಮೆರವಣಿಗೆ ಒಂದು ಆಟ, ಆಟದಲ್ಲಿ ಶಾಸನವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ, ಆಟಕ್ಕಾಗಿಯೇ ಇರುವ ಒಂದು ಸಂಘದ ಸಂಗತಿಯನ್ನು ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ 1966ರಲ್ಲಿ ಹುಟ್ಟಿದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್’ ಎಂಬುದೇ ಆ ಸಂಘ. ಅದರ ಸದಸ್ಯರು ಬಿಡುವಿನ ದಿನಗಳಲ್ಲಿ ಮಧ್ಯಯುಗದ ಉಡುಪು ಧರಿಸಿ, ಆ ಕಾಲದ ಅಡುಗೆ, ಕುಶಲಕಲೆ, ಕಾಳಗಗಳನ್ನು ಮತ್ತೆ ಆಡಿ ನೋಡುತ್ತಾರೆ. ಪ್ರತಿಯೊಬ್ಬರೂ ತಮಗೊಂದು ಹಳೆಯ ಹೆಸರನ್ನೂ ಒಂದು ಲಾಂಛನವನ್ನೂ ಆರಿಸಿ ನೋಂದಾಯಿಸಿಕೊಳ್ಳಬಹುದು. ಆದರೆ ಆ ಹೆಸರು ತಾವು ಹೇಳುವ ಕಾಲದಲ್ಲಿ, ತಾವು ಹೇಳುವ ನಾಡಿನಲ್ಲಿ ಬಳಕೆಯಲ್ಲಿತ್ತು ಅಥವಾ ಆಗಿನ ಹೆಸರುಗಳ ರಚನೆಗೆ ಒಪ್ಪುತ್ತದೆ ಎಂಬುದಕ್ಕೆ ದಾಖಲೆ ಒದಗಿಸಬೇಕು. ಸಂಬಳವಿಲ್ಲದೆ ದುಡಿಯುವ ಸದಸ್ಯರ ಮಂಡಲಿಯೊಂದು ಅದನ್ನು ಪರಿಶೀಲಿಸಿ, ಆಧಾರ ಸಾಲದಿದ್ದರೆ ಕಾರಣ ಬರೆದು ಹಿಂದಿರುಗಿಸುತ್ತದೆ. ಲಾಂಛನವು ಈಗಾಗಲೇ ನೋಂದಣಿಯಾದ ಇನ್ನೊಬ್ಬರದಕ್ಕಿಂತ ಸ್ಪಷ್ಟವಾಗಿ ಭಿನ್ನವಾಗಿರಬೇಕು. ಬಣ್ಣಕ್ಕೂ ನಿಯಮವುಂಟು: ಹಳದಿಯ ಮೇಲೆ ಬಿಳಿಯನ್ನಾಗಲಿ ಕೆಂಪಿನ ಮೇಲೆ ಕಪ್ಪನ್ನಾಗಲಿ ಬರೆಯುವಂತಿಲ್ಲ, ದೂರದಿಂದ ಕಾಣಿಸದು. (ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದ ಹಳದಿ ಕೆಂಪು ದೂರಕ್ಕೆ ಎಷ್ಟು ಚೆನ್ನಾಗಿ ಕಾಣುತ್ತವೆಂಬುದನ್ನು ಇಲ್ಲಿ ನೆನೆಯದೆ ಇರಲಾಗದು.) ಎಲ್ಲಕ್ಕಿಂತ ಮುಖ್ಯವಾಗಿ, ಇತಿಹಾಸಪ್ರಸಿದ್ಧ ವ್ಯಕ್ತಿಯ ಹೆಸರನ್ನು ಯಾರೂ ತಮ್ಮದೆಂದು ಇಟ್ಟುಕೊಳ್ಳುವಂತಿಲ್ಲ, ಗಳಿಸದ ಪದವಿಯನ್ನು ಹೆಸರಿಗೆ ಸೇರಿಸುವಂತಿಲ್ಲ.

ಅವರ ಆಟವನ್ನು ನಾವು ಆಡಬೇಕೆಂದು ಹೇಳುತ್ತಿಲ್ಲ. ಆ ದೇಶದ ಬಹುಪಾಲು ಜನರ ಪೂರ್ವಿಕರ ಮಧ್ಯಯುಗ ಸಮುದ್ರದಾಚೆಗೆ ಉಳಿದುಹೋಗಿದೆ. ಪುಸ್ತಕ ಹುಡುಕಿ ತಂದುಕೊಳ್ಳಬೇಕು. ನಮ್ಮದು ಹುಣಿಸೆಯ ಮರದ ಬುಡದಲ್ಲಿ ವೀರಗಲ್ಲಾಗಿ ನಿಂತಿದೆ, ಕೆರೆಯ ತೂಬಿನ ಬಳಿ ಬಿದ್ದಿದೆ, ಕೆಲವೆಡೆ ಬಟ್ಟೆ ಒಗೆಯುವ ಕಲ್ಲಾಗಿದೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿ ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲೇ ಅಚ್ಚಾಯಿತು. ಅನಂತಪುರ, ಬಳ್ಳಾರಿ ಸೀಮೆಯ ಕಲ್ಲುಗಳು ಅದರಲ್ಲಿ ಮಾತಾಡುತ್ತಿವೆ. ನಮ್ಮ ಸಂಘಗಳಲ್ಲಿ ಎಷ್ಟರ ಕಪಾಟಿನಲ್ಲಿ ಆ ಸಂಪುಟವಿದೆ?

ಹೇಮಾವತಿಯ ಕಂಬದ ಶಾಸನವೊಂದನ್ನೇ ತೆಗೆದುಕೊಂಡರೂ ಸಾಕು. ಕಾಂಚಿಯ ತ್ರಿಣಯನ ಪಲ್ಲವನಿಂದ ಮೊದಲುಮಾಡಿ ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪ ಎಂದು ಒಂದು ಮನೆತನದ ಸಾಲು ಅಲ್ಲಿ ಬರುತ್ತದೆ. ಎಂಥ ಹೆಸರುಗಳು! ‘ಚಾರುಪೊನ್ನೇರ’ ಎಂಬ ಹೆಸರಿನ ಒಂದು ಯುವಕ ಸಂಘವನ್ನು ಎಲ್ಲಿಯಾದರೂ ಕಂಡಿದ್ದೀರಾ? ಪೊಳಲ್ಚೋರನ ರಾಣಿ, ಗಂಗರ ಮನೆಯ ಮಗಳು ಜಾಯಬ್ಬೆಯ ಹೆಸರನ್ನು ಯಾವ ಮಹಿಳಾ ಮಂಡಳಿ ಇಟ್ಟುಕೊಂಡಿದೆ? ಬಳ್ಳಾರಿ, ಅನಂತಪುರ, ಚಿತ್ರದುರ್ಗ, ತುಮಕೂರುಗಳ ಭಾಗಗಳನ್ನು ಒಳಗೊಂಡು ನೊಳಂಬವಾಡಿ ಮೂವತ್ತೆರಡು ಸಾಸಿರವೆನಿಸಿದ ನಾಡು ಇದು. ಆ ನಾಡಿನ ಮಕ್ಕಳು ಹೊಯ್ಸಳ ವಿಷ್ಣುವರ್ಧನನ ವೇಷ ಹಾಕಿ ಅವನ ಬಿರುದುಗಳನ್ನು ಕೂಗುತ್ತಾರೆ. ಆ ಬಿರುದುಗಳಲ್ಲಿ ಒಂದು ‘ನೊಳಂಬವಾಡಿಗೊಂಡ’. ನಮ್ಮ ನೆಲವನ್ನು ಗೆದ್ದುಕೊಂಡವನೆಂದು ಅದರ ಅರ್ಥ. ಗಂಗ ಮಾರಸಿಂಹನ ‘ನೊಳಂಬಕುಲಾಂತಕ’ವನ್ನೂ ಯಾರಾದರೂ ಉತ್ಸಾಹದಿಂದ ಘೋಷಿಸುವ ದಿನ ದೂರವಿಲ್ಲ.

ಇನ್ನೊಂದು ವ್ಯಸನವಿದೆ: ಎಲ್ಲರಿಗೂ ಅರಸರೇ ಆಗಬೇಕು. ಗಾವುಂಡನಾಗಲು, ಕೆರೆ ಕಟ್ಟಿಸಿದ ಸೆಟ್ಟಿಯಾಗಲು, ತುರು ಬಿಡಿಸಲು ಹೋಗಿ ಮಡಿದ ಆಳಾಗಲು ಯಾರೂ ಒಲ್ಲರು. ಶಾಸನಗಳ ತುಂಬ ಇರುವವರು ಅವರೇ. ರಾಷ್ಟ್ರಕೂಟರ ಕಾಲದಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡದ ನಾಳ್ಗಾವುಂಡಿಕೆಯನ್ನು ಹೊತ್ತು ಆಳಿದ ಜಕ್ಕಿಯಬ್ಬೆ ಇದ್ದಾಳೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರನ್ನೂ ಬಿರುದನ್ನೂ ಕೊರೆದುಕೊಂಡಿದ್ದಾರೆ. ಉಳಿಯಿಂದ ಗಳಿಸಿದ ಬಿರುದು ಅದು. ಇಂದು ನಮ್ಮ ವೇದಿಕೆಗಳಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿಗಳ ಜೊತೆಗೆ ಬಿರುದನ್ನೂ ಹಂಚುತ್ತಿದ್ದಾರೆ. ‘ಕೇಸರಿ’, ‘ಕಂಠೀರವ’, ‘ರತ್ನ’ಗಳು ತಾಲ್ಲೂಕಿಗೆ ಹತ್ತರಂತೆ ಓಡಾಡುತ್ತಿವೆ. ಇದರಲ್ಲಿ ಯಾವುದಕ್ಕೂ ಒಂದು ಪುಸ್ತಕದಲ್ಲಿ ಲೆಕ್ಕವಿಲ್ಲ.

ಇದೆಲ್ಲ ಬರಿಯ ಅಭಿರುಚಿಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರುಗಳೊಡನೆ ರಾಯದುರ್ಗ ತಾಲ್ಲೂಕೂ ಈಚೆಗೆ ಬಂದಿತು. ಅಂದಿನಿಂದ ಇಲ್ಲಿಯ ಕನ್ನಡಿಗನು ತಾನು ಇಲ್ಲಿಯವನೆಂದು ಆಗಾಗ ಸಾಬೀತುಪಡಿಸಬೇಕಾಗಿ ಬಂದಿದೆ: ಶಾಲೆಗೆ ಕನ್ನಡ ಶಿಕ್ಷಕರನ್ನು ಕೇಳುವಾಗ, ಪಠ್ಯಪುಸ್ತಕ ಕೇಳುವಾಗ, ಊರಿನ ಫಲಕದಲ್ಲಿ ಕನ್ನಡದ ಒಂದು ಸಾಲನ್ನು ಕೇಳುವಾಗ. ಅಂಥವನ ಕೈಯಲ್ಲಿ ಬೆಂಗಳೂರಿನ ಸಿನಿಮಾ ಪೋಸ್ಟರಿನಿಂದ ತೆಗೆದ ರಾಜನ ಚಿತ್ರವಿದ್ದರೆ ಎದುರಿನವನು ‘ಇದನ್ನು ನೀವು ಆ ಕಡೆಯಿಂದ ತಂದಿರಿ’ ಎನ್ನುತ್ತಾನೆ. ಹೆಂಜೇರಿನ ಕಲ್ಲಿನಲ್ಲಿರುವ ಹೆಸರನ್ನು ಹಿಡಿದು ನಿಂತರೆ ಆ ಮಾತು ಹೊರಡುವುದಿಲ್ಲ. ತೆಲುಗು ಬಂಧುಗಳ ಮೇಲೆ ಏರಿಹೋಗುವುದಕ್ಕೆ ಇದನ್ನು ಆಯುಧ ಮಾಡಿಕೊಳ್ಳಬೇಕೆಂದಲ್ಲ. ‘ಕನ್ನಡರಾಜ್ಯರಮಾರಮಣ’ನೆನಿಸಿದ ಕೃಷ್ಣದೇವರಾಯನೇ ‘ಆಮುಕ್ತಮಾಲ್ಯದ’ವನ್ನು ತೆಲುಗಿನಲ್ಲಿ ರಚಿಸಿದನು. ಈ ನೆಲದ ಬದುಕು ಹಿಂದಿನಿಂದಲೂ ಎರಡು ನಾಲಗೆಯದು.

ಸಂಘಗಳ ನೋಂದಣಿ ಕಚೇರಿಯಲ್ಲಿ ಎಲ್ಲ ಪರಿಶೀಲನೆ ಆಗುತ್ತದಲ್ಲ ಎನ್ನುವವರಿಗೆ ಒಂದೇ ಉತ್ತರ. 2001ರ ಆಂಧ್ರಪ್ರದೇಶ ಸೊಸೈಟಿಗಳ ನೋಂದಣಿ ಕಾಯ್ದೆಯಡಿ ಅಧಿಕಾರಿಯು ಇದೇ ಹೆಸರಿನ ಇನ್ನೊಂದು ಸಂಘ ಈಗಾಗಲೇ ಇದೆಯೇ ಎಂದು ನೋಡಬಹುದು. ಹೆಸರು ಯಾವ ಶತಮಾನದ್ದೆಂದು ನೋಡುವುದು ಅವರ ಕೆಲಸವಲ್ಲ, ನಮ್ಮ ಕೆಲಸ.

ಆದುದರಿಂದ ಈ ಸಮ್ಮೇಳನದ ಸರ್ವಸದಸ್ಯರ ಸಭೆಯ ಮುಂದೆ ನಾವು ಇಡುವ ಬೇಡಿಕೆ ಇಷ್ಟು. ಸಂಘದಲ್ಲಿ ಒಂದು ನಾಮಲಾಂಛನ ಪುಸ್ತಕವನ್ನು ತೆರೆಯಬೇಕು. ಮೆರವಣಿಗೆಯ ಪಾತ್ರವಿರಲಿ, ಹೊಸ ಮಂಡಳಿಯಿರಲಿ, ಕೊಡುವ ಬಿರುದಿರಲಿ, ಹೆಸರಿನ ಎದುರು ಅದು ಬಂದ ಶಾಸನದ ಊರು, ಸಂಪುಟ, ಸಂಖ್ಯೆಗಳನ್ನು ಬರೆಯಬೇಕು. ಲಾಂಛನದ ಎದುರು ಅದನ್ನು ನೋಡಿ ಬರೆದ ಮುದ್ರೆಯ ಅಥವಾ ನಾಣ್ಯದ ಪ್ರತಿಯನ್ನು ಅಂಟಿಸಬೇಕು. ಆಧಾರ ಸಿಗದ ಹೆಸರನ್ನು ಮುಂದಿನ ವರ್ಷದವರೆಗೆ ತಡೆಹಿಡಿಯಬೇಕು. ಪರಿಶೀಲನೆಗೆ ಮೂವರು ಸಾಕು: ಹಳಗನ್ನಡ ಓದಬಲ್ಲ ಒಬ್ಬ ಅಧ್ಯಾಪಕರು, ಊರೂರಿನ ಕಲ್ಲುಗಳ ಗುರುತಿರುವ ಒಬ್ಬ ಹಿರಿಯರು, ಚಿತ್ರ ಬರೆಯಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ. ಮಾರ್ಗಶಿರದ ಬಿಸಿಲು ಹಿತವಾಗಿರುವಾಗ ಹೇಮಾವತಿಗೆ ಒಂದು ಬಸ್ಸು ಮಾಡಿಕೊಂಡು ಹೋಗಿ, ದೊಡ್ಡೇಶ್ವರನ ಮುಂದಿನ ನಂದಿಯನ್ನು ನೋಡಿಬರೋಣ. ಪಲ್ಲವಾನ್ವಯದವರೆಂದು ಹೇಳಿಕೊಂಡ ನೊಳಂಬರ ಲಾಂಛನವೂ ವೃಷಭವೇ. ಪುಸ್ತಕದ ಮೊದಲ ಪುಟಕ್ಕೆ ಅದನ್ನು ಅಲ್ಲಿಯೇ ಕುಳಿತು ಪೆನ್ಸಿಲಿನಲ್ಲಿ ಬರೆಸಿಕೊಂಡು ಬರಬಹುದು.