ನಾವು ಕೂರೋ ಜಾಗ ಬಿಟ್ಟು...

ಮೊನ್ನೆ ಭಾನುವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋಗಿದ್ದೆ. ಗೆಳೆಯನ ಅಪ್ಪ ಗಣಿಯಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿ ಕಾಲದ ಚರ್ಚುಗಳಲ್ಲಿ ಮಾತ್ರ ಇವತ್ತಿಗೂ ಪೂಜೆ ನಡೀತಿದೆ.

ಗೆಳೆಯನ ಅಮ್ಮನ ಜೊತೆ ನಾನೂ ಚರ್ಚಿಗೆ ಹೋದೆ. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬೆಂಚುಗಳನ್ನೆಲ್ಲ ದಾಟಿ, ಮುಂದೆ ನೆಲದ ಮೇಲೆ ಕೂತರು. ವಾಪಸ್ ಬರುವಾಗ ರಿಪೇರಿ ಮಾತು ಬಂತು. ಗೋಡೆಯಲ್ಲಿ ತೇವ, ಅಲ್ಲಲ್ಲಿ ಬಿರುಕು. ಟೈಲ್ಸ್ ಹಾಕಿಸಿ, ಮುಂದಿನವರೆಗೂ ಬೆಂಚು ಮಾಡಿಸೋಣ ಅಂತ ಕೆಲವರು ಅಂತಾರಂತೆ.

"ಹಾಕಿಸ್ಲಿ ತಂಬಿ, ನಾವು ಕೂರೋ ಜಾಗ ಬಿಟ್ಟು ಹಾಕಿಸ್ಲಿ" ಅಂದರು.

ನನಗೆ ನಮ್ಮ ಬೀದಿಯ ಗುಡಿ ನೆನಪಾಯ್ತು. ಜೀರ್ಣೋದ್ಧಾರದಲ್ಲಿ ಗೋಡೆಗೆಲ್ಲ ಟೈಲ್ಸ್ ಬಂತು, ಅಜ್ಜಿ ದಿನಾ ದೀಪ ಇಡ್ತಿದ್ದ ಗೂಡು ಅದರಡಿ ಮುಚ್ಚಿಹೋಯ್ತು. ಯಾರೂ ಬೇಕಂತ ಮಾಡಿದ್ದಲ್ಲ. ಅಜ್ಜಿಯನ್ನ ಯಾರೂ ಕೇಳಲಿಲ್ಲ, ಅಷ್ಟೇ. ಆಮೇಲೆ ಅಜ್ಜಿ ದೀಪವನ್ನ ಮನೇಲೇ ಹಚ್ಚೋಕೆ ಶುರು ಮಾಡಿದ್ರು.

ರಿಪೇರಿ ಬೇಡ ಅಂತ ನಾನು ಹೇಳ್ತಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದ ಊರು ಇದು, ಬಿರುಕು ಸಹಜ. ಆದರೆ ಹಳೇ ಗಾರೆ ಗೋಡೆ ತನ್ನೊಳಗಿನ ತೇವವನ್ನ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆಯನ್ನೇ ತಿನ್ನುತ್ತೆ. ಗಾರೆಗೆ ಗಾರೆಯೇ ಆಗಬೇಕು, ಅದು ಬಲ್ಲ ಮೇಸ್ತ್ರಿಯೇ ಬೇಕು.

ದೂರ ಯಾಕೆ, ಕೋಲಾರದ ಕೋಲಾರಮ್ಮನ ಗುಡಿ ನೋಡಿ. ಇಟ್ಟಿಗೆಯ ಗುಡಿಯನ್ನ ಕಲ್ಲಲ್ಲಿ ಕಟ್ಟಿಸಿದ್ದನ್ನ ಅಲ್ಲಿನ 11ನೇ ಶತಮಾನದ, ರಾಜೇಂದ್ರ ಚೋಳನ ಕಾಲದ ಶಾಸನ ಹೇಳುತ್ತೆ. ಅಂದ್ರೆ ಜೀರ್ಣೋದ್ಧಾರ ನಮಗೇನೂ ಹೊಸದಲ್ಲ. ಈಗ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಆದರೂ ಚೇಳಮ್ಮನ ಮುಂದಿನ ನೆಲದ ಹುಂಡಿಗೆ ಜನ ಕಾಸು ಹಾಕೋದು ನಿಂತಿಲ್ಲ. ಸ್ಮಾರಕವೂ ಉಳಿದಿದೆ, ಹರಕೆಯೂ ಉಳಿದಿದೆ.

ಅದಕ್ಕೇ ನನ್ನ ಮಾತು ಇಷ್ಟೇ: ಎಸ್ಟಿಮೇಟ್ ಬರೆಸೋ ಮುಂಚೆ ಒಂದು ವರ್ಷ ಸುಮ್ಮನೆ ನೋಡಿ. ಕ್ರಿಸ್‌ಮಸ್ಸಿಗೆ, ಶುಭ ಶುಕ್ರವಾರಕ್ಕೆ, ನವೆಂಬರ್ 2ರ ಸತ್ತವರ ಹಬ್ಬಕ್ಕೆ ಯಾರು ಎಲ್ಲಿ ಕೂರ್ತಾರೆ, ಎಲ್ಲಿ ಮೊಣಕಾಲೂರ್ತಾರೆ, ಎಲ್ಲಿ ಮೇಣದಬತ್ತಿ ಹಚ್ತಾರೆ ಅಂತ ನಕ್ಷೆಯಲ್ಲಿ ಗುರುತು ಹಾಕಿ. ಆಮೇಲೆ ಗಾರೆ ಕಲಸಿ. ಗಣಿ ಹೋದ ಮೇಲೆ ಆ ಅಮ್ಮನಿಗೆ ಆ ಊರಲ್ಲಿ ನನ್ನದು ಅಂತ ಉಳಿದಿರೋದು ಆ ನಾಲ್ಕಡಿ ನೆಲ.

ನಿಮ್ಮೂರಿನ ಗುಡಿ, ಚರ್ಚು, ದರ್ಗಾಗಳಲ್ಲೂ ಹೀಗೆ ಏನಾದ್ರೂ ಮುಚ್ಚಿಹೋಗಿದ್ಯಾ? ಬರೀರಿ.